ಕಿವಿಗೆ ಹತ್ತಿ ತುಂಬಿದ ಕುದುರೆ

ಕುದುರೆ ಸಾಧುವೋ ಅಲ್ಲವೋ ಎಂದು ನೋಡುವುದಕ್ಕೆ ಕಲ್ಲಮ್ಮನ ಮಗಳನ್ನು ಅದರ ಮೇಲೆ ಕೂರಿಸಿದರು. ಮಗಳ ಹೆಸರು ಭವ್ಯ, ಓದುತ್ತಿದ್ದದ್ದು ಮೂರನೇ ಕ್ಲಾಸು. ಬಿದ್ದಾಗ ಬಲಗೈ ಮೊಣಕೈಯ ಹತ್ತಿರ ಮುರಿಯಿತು.

ಮುತ್ತಿನಕೊಪ್ಪದಲ್ಲಿ ಬಸ್ಸಿಳಿದು ಹಿನ್ನೀರಿನ ಕಡೆಗೆ ನಡೆದರೆ ಸಿಗುವ ಷಡಕ್ಷರಿಯವರ ಜಮೀನಿನಲ್ಲಿ, ಎರಡು ಸಾವಿರದ ಆರನೇ ಇಸವಿಯ ಮಾರ್ಚ್ ತಿಂಗಳಲ್ಲಿ ಇದು ನಡೆಯಿತು. ಆಗ ಎಲ್ಲರಿಗೂ ಹೋಂಸ್ಟೇ ಹುಚ್ಚು. ಷಡಕ್ಷರಿಯವರು ಕೊಟ್ಟಿಗೆಗೆ ಟೈಲ್ಸ್ ಹಾಕಿಸಿ ಎರಡು ರೂಮು ಮಾಡಿದ್ದರು. ದನಗಳು ಸಂತೆಗೆ ಹೋದವು, ಅವು ಮಲಗುತ್ತಿದ್ದ ಜಾಗದಲ್ಲಿ ಶನಿವಾರ ಭಾನುವಾರ ಊರಿನವರಲ್ಲದ ನೆಂಟರು ಮಲಗತೊಡಗಿದರು.

"ಊಟ, ಹಾಸಿಗೆ ಎಲ್ರೂ ಕೊಡ್ತಾರೆ ರೀ," ಅಂದರು ಅವರ ಹೆಂಡತಿ ರಶ್ಮಿ. "ನಮ್ಮಲ್ಲಿ ಒಂದು ಕುದುರೆ ಇರ್ಬೇಕು. ಬಂದೋರ ಮಕ್ಕಳನ್ನ ಕೂರಿಸಿ ಕಾಡಲ್ಲಿ ಒಂದು ಸುತ್ತು ಹಾಕಿಸ್ಬಹುದು. ನಮ್ಮ ಶಶಿ, ಶ್ವೇತಾನೂ ಕಲೀತಾರೆ."

ಮನೆಮಕ್ಕಳು ಕೂರುವ ಕುದುರೆ ಅಂದ ಮೇಲೆ ನೋಡಿ ಆರಿಸಬೇಕು. ಷಡಕ್ಷರಿಯವರು ಹುಟ್ಟಿದಾಗಿನಿಂದ ಕುದುರೆ ಹತ್ತಿದವರಲ್ಲ. ಆದರೆ ಎತ್ತು ಆರಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ ಎಂದು ಅವರೇ ಹೇಳುತ್ತಿದ್ದರು. ಎತ್ತಿನ ಮೈಮೇಲಿನ ಕೂದಲಿನ ಸುಳಿ ನೋಡಿ, ಇದು ಮನೆ ಬೆಳಗುತ್ತದೆ, ಇದು ಮನೆ ಮುಳುಗಿಸುತ್ತದೆ ಎಂದು ಬೆರಳಿಟ್ಟು ತೋರಿಸುವ ಮನುಷ್ಯ. ಎತ್ತಿಗೆ ಸುಳಿ ಇದ್ದರೆ ಕುದುರೆಗೂ ಇದ್ದೇ ಇದೆ. ಇನ್ನೇನು ಬೇಕು?

ಕುದುರೆ ತೋರಿಸಿದವನು ದಲ್ಲಾಳಿ ವಾಸಪ್ಪ. ಹಗ್ಗ ಹಿಡಿಯಲು ಒಬ್ಬ ಆಳು ಬೇಕೆಂದು ಕಲ್ಲಮ್ಮನ ಗಂಡ ಮಾರಪ್ಪನನ್ನು ಜೀಪಿನಲ್ಲಿ ಕರೆದುಕೊಂಡು ಹೋಗಿದ್ದರು. ಸಂಜೆ ವಾಪಸು ಬಂದ ಮಾರಪ್ಪ ನಗುತ್ತಾ ಹೆಂಡತಿಗೆ ಹೇಳಿದ್ದ: "ಒಂದು ಕಂದು ಬಣ್ಣದ ಹೆಣ್ಣು ಕುದುರೆ ಇತ್ತು. ವಾಸಪ್ಪನ ಮೊಮ್ಮಕ್ಕಳು ಬಾಲ ಹಿಡಿದು ಜಗ್ಗಿದ್ರೂ ಕಿವಿ ಅಲ್ಲಾಡಿಸ್ಲಿಲ್ಲ ಮಾರಾಯ್ತಿ. ಹೊಟ್ಟೆ ಅಡಿ ನುಗ್ಗಿ ಆಚೆ ಬರ್ತಾ ಇದ್ವು. ಆದ್ರೆ ಅದರ ಬೆನ್ನಲ್ಲಿ ಕೆಟ್ಟ ಸುಳಿ ಅಂತೆ, ಅಯ್ಯ ಬೇಡ ಅಂದ್ರು. ಬಿಳೀದು ತಗಂಡ್ರು. ಕೊರಳಲ್ಲಿ ಒಳ್ಳೆ ಸುಳಿ ಅಂತೆ."

ಅಷ್ಟೇ ಹೇಳಿದ್ದ. ಉಳಿದದ್ದನ್ನು ಹೇಳಿರಲಿಲ್ಲ.

ಬಿಳಿ ಕುದುರೆ ಬಂತು. ಮಾರಪ್ಪನಿಗೆ ಒಂದು ಖಾಕಿ ಅಂಗಿ, ಹೋಂಸ್ಟೇ ಹೆಸರು ಬರೆದ ಟೋಪಿ ಸಿಕ್ಕಿತು. ಶನಿವಾರ ಮಧ್ಯಾಹ್ನ ಅಂಗಳದಲ್ಲಿ ಕುದುರೆಗೆ ಜೀನು ಬಿಗಿದಾಗ ಹತ್ತು ವರ್ಷದ ಶಶಿಕಿರಣ್ ಕುಣಿದಾಡುತ್ತಾ ಓಡಿ ಬಂದ. ರಶ್ಮಿ ಅವನ ರಟ್ಟೆ ಹಿಡಿದುಕೊಂಡರು.

"ಇರು ಪುಟ್ಟಾ. ಮೊದ್ಲು ಭವ್ಯ ಕೂತು ನೋಡ್ಲಿ."

ಭವ್ಯ ಶಾಲೆಯಿಂದ ಬಂದು ಬಾಗಿಲ ಬಳಿ ನಿಂತಿದ್ದಳು. ತನ್ನನ್ನೇ ಕರೆದರಲ್ಲ ಎಂದು ಅವಳಿಗೆ ಎಷ್ಟು ಖುಷಿಯಾಗಿತ್ತೆಂದರೆ, ಚೀಲವನ್ನು ಅಂಗಳದಲ್ಲೇ ಬಿಸಾಕಿ ಓಡಿದಳು. ಅಪ್ಪನೇ ಎತ್ತಿ ಕೂರಿಸಿದ. ಅಪ್ಪನೇ ಹಗ್ಗ ಹಿಡಿದ.

ಕಲ್ಲಮ್ಮ ಆ ಹೊತ್ತಿನಲ್ಲಿ ಬಾಳೆತೋಟದಲ್ಲಿದ್ದಳು. ಗೊನೆಗೆ ಬಿದ್ದ ಮಂಗಗಳನ್ನು ಓಡಿಸುವುದು ಅವಳ ಕೆಲಸ. ಎಣ್ಣೆ ತೀರಿದ ಒಂದು ದೊಡ್ಡ ಡಬ್ಬ, ಒಂದು ಗೂಟ. ಬೇಲಿಯ ಆಚೆ ದಾರಿಯಲ್ಲಿ ಕುದುರೆ ಬರುತ್ತಿದೆ, ಅದರ ಮೇಲೆ ತನ್ನ ಮಗಳಿದ್ದಾಳೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮಂಗಗಳು ಗೊನೆಗೆ ಹಾರಿದವು. ಅವಳು ಡಬ್ಬ ಬಡಿದಳು.

ಕುದುರೆ ಬೆದರಲಿಲ್ಲ, ಓಡಲಿಲ್ಲ. ಅದು ಕುಣಿಯಿತು. ಮುಂಗಾಲು ಎರಡನ್ನೂ ಎತ್ತಿ, ಕತ್ತು ಬಗ್ಗಿಸಿ, ಡಬ್ಬದ ಏಟಿಗೆ ಸರಿಯಾಗಿ ಹೆಜ್ಜೆ ಹಾಕಿ ಕುಣಿಯಿತು. ಚೀರಿದ ಸದ್ದು ಕೇಳಿ ಕಲ್ಲಮ್ಮ ಡಬ್ಬದ ಸಮೇತ ಬೇಲಿ ಹಾರಿ ಬಂದಾಗ ಭವ್ಯ ಕಲ್ಲಿನ ಮೇಲೆ ಬಿದ್ದಿದ್ದಳು. ಕೈ ತಿರುಗಬಾರದ ಕಡೆಗೆ ತಿರುಗಿತ್ತು.

ಷಡಕ್ಷರಿಯವರು ಓಡಿ ಬಂದವರು ಮೊದಲು ನೋಡಿದ್ದು ಕುದುರೆಯ ಕಾಲನ್ನು. ಆಮೇಲೆ ಕಲ್ಲಮ್ಮನ ಕೈಯಲ್ಲಿದ್ದ ಡಬ್ಬವನ್ನು.

"ಕುದುರೆ ಬರೋ ಹೊತ್ತಿಗೆ ಡಬ್ಬ ಬಡಿಯೋದೇನೇ? ಬುದ್ಧಿ ಬೇಡ್ವ ನಿಂಗೆ? ಹೆತ್ತ ಮಗೀನ ಕೈ ನೀನೇ ಮುರಿದ್ಯಲ್ಲೇ!"

ಜೀಪು ಕೊಟ್ಟರು, ಕೊಪ್ಪದ ಆಸ್ಪತ್ರೆಗೆ ಕಳಿಸಿದರು, ಪಟ್ಟಿ ಹಾಕಿಸಿದರು. ಆ ಜೀಪಿನ ಮಾತು ಎರಡು ತಿಂಗಳು ನಡೆಯಿತು. ಯಾರು ಬಂದರೂ ಜಗಲಿಯಲ್ಲಿ ಅದೇ ಕತೆ: ತಾಯಿ ಡಬ್ಬ ಬಡಿದಳು, ಮಗು ಬಿತ್ತು, ನಾವು ಜೀಪು ಕೊಟ್ಟೆವು. ಆಳುಗಳ ಮನೆಸಾಲಾದ ಕೂಲಿ ಲೈನಿನಲ್ಲೂ ಅದೇ. ಪಕ್ಕದ ಮನೆ ಸೀತಕ್ಕ ಒಳ್ಳೆಯ ಹೆಂಗಸು, ಗಂಜಿ ತಂದುಕೊಟ್ಟವಳು. ಅವಳೂ, "ಆಗಿದ್ದು ಆಯ್ತು ಬಿಡೇ, ನೀನೇನು ಬೇಕಂತ ಬಡಿದ್ಯಾ," ಅಂದಳು. ಆ ಸಮಾಧಾನದಷ್ಟು ಯಾವ ಬೈಗುಳವೂ ಕಲ್ಲಮ್ಮನನ್ನು ಸುಡಲಿಲ್ಲ.

ಅಂದಿನಿಂದ ಅವಳು ಡಬ್ಬ ಮುಟ್ಟಲಿಲ್ಲ. ತೋಟದಲ್ಲಿ ಬಾಯಲ್ಲೇ ಕೂಗಿ ಮಂಗ ಓಡಿಸಿದಳು. ಗಂಟಲು ಒಡೆದು ಸ್ವರ ಗಂಡಸರ ಹಾಗಾಯಿತು. ಭವ್ಯ ಪರೀಕ್ಷೆಯನ್ನು ಎಡಗೈಯಲ್ಲಿ ಬರೆದಳು. ಅಕ್ಷರಗಳು ಗೆರೆ ಬಿಟ್ಟು ಕೆಳಗಿಳಿದಿದ್ದ ಆ ಕಾಗದವನ್ನು ನೋಡಿ ತಾಯಿ ಬಚ್ಚಲಿಗೆ ಹೋಗಿ ತನ್ನ ಕೈಯನ್ನು ತಾನೇ ಕಚ್ಚಿಕೊಂಡಳು.

ಮೇ ತಿಂಗಳಲ್ಲಿ ಪಟ್ಟಿ ಬಿಚ್ಚಿಸಲು ತಾಯಿ ಮಗಳು ಬಸ್ಸಿನಲ್ಲಿ ಕೊಪ್ಪಕ್ಕೆ ಹೋದರು. ಪಟ್ಟಿ ಬಿಚ್ಚಿದರು. ಕೈ ಪೂರ್ತಿ ನೀಳವಾಗಲಿಲ್ಲ. ಬಿಸಿನೀರು, ಎಣ್ಣೆ, ದಿನಾ ಸ್ವಲ್ಪ ಸ್ವಲ್ಪ ಮಡಚಿ ಚಾಚಿಸಿ ಎಂದರು ಡಾಕ್ಟರು. ಬಸ್‌ಸ್ಟ್ಯಾಂಡಿನಲ್ಲಿ ವಾಪಸು ಬಸ್ಸಿಗೆ ಕಾಯುತ್ತಿದ್ದಾಗ ವಾಸಪ್ಪ ಎದುರಾದ. ಕುದುರೆಯನ್ನು ಲಾರಿಯಿಂದ ಇಳಿಸಿ ಹೋದ ದಿನ ಕಲ್ಲಮ್ಮನ ಕೈಯಿಂದಲೇ ನೀರು ಕುಡಿದಿದ್ದವನು, ಗುರುತು ಹಿಡಿದ.

"ಏನವ್ವಾ, ಕೂಸಿನ ಕೈಗೆ ಎಂತ ಆಯ್ತು?"

"ನೀನು ತಂದ ಕುದುರೆ ಬೀಳಿಸ್ತು."

ವಾಸಪ್ಪ ಬೀಡಿ ಬಾಯಿಂದ ತೆಗೆದ. "ಯಾರಾದ್ರೂ ಡಬ್ಬಗಿಬ್ಬ ಬಡಿದ್ರಾ?"

"ನಿಂಗೆ ಯಾರು ಹೇಳಿದ್ರು?"

"ಹೇಳೋದೆಂತ ಬಂತು? ಅದು ಮದುವೆ ದಿಬ್ಬಣದ ಕುದುರೆ ಮಾರಾಯ್ತಿ. ಎಂಟು ವರ್ಷ ಬ್ಯಾಂಡಿನ ಮುಂದೆ ಕುಣಿದಿದ್ದು. ಬಡಿಯೋ ಸದ್ದು ಕಿವಿಗೆ ಬಿದ್ರೆ ಸಾಕು, ಕಾಲೆತ್ತತದೆ. ಅದರ ತಪ್ಪಲ್ಲ, ಹಾಗೆ ಕಲಿಸಿದಾರೆ. ಮಕ್ಕಳಿಗಾದ್ರೆ ಇದು ಬೇಡ ಅಯ್ಯಾ, ಕಂದು ಕುದುರೆ ತಗಳಿ ಅಂತ ಎಷ್ಟು ಬಡ್ಕಂಡೆ! ನಿನ್ನ ಗಂಡ ಅಲ್ಲೇ ಹಗ್ಗ ಹಿಡ್ಕಂಡು ನಿಂತಿದ್ನಲ್ಲ, ಕೇಳು."

"ಅಯ್ಯ ಎಂತ ಅಂದ್ರು?"

"ಎಂತ ಅಂತಾರೆ? ಸುಳಿ ಚೆನ್ನಾಗಿದೆ, ಫೋಟೋಕ್ಕೂ ಚೆನ್ನಾಗಿದೆ. ಕುಣಿತದೋ ಇಲ್ವೋ, ಮೊದ್ಲು ಯಾರನ್ನಾದ್ರೂ ಕೂರಿಸಿ ನೋಡಿದ್ರಾಯ್ತು ಅಂದ್ರು."

ಯಾರನ್ನಾದರೂ. ಆ ಯಾರಾದರೂ ಮೂರನೇ ಕ್ಲಾಸಿನಲ್ಲಿ ಓದುತ್ತಿದ್ದಳು. ಅವಳಿಗೆ ಹದಿನಾರರ ಮಗ್ಗಿ ಬರುತ್ತಿತ್ತು. ಬಸ್ಸಿನ ಕಿಟಕಿಯ ಪಕ್ಕ ಕೂತು, ನೀಳವಾಗದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನಿದ್ದೆ ಮಾಡುತ್ತಿದ್ದಳು. ಕಲ್ಲಮ್ಮ ದಾರಿಯುದ್ದಕ್ಕೂ ಒಂದೇ ಲೆಕ್ಕ ಹಾಕಿದಳು. ಅರವತ್ತು ದಿನ ತಾನು ತನ್ನನ್ನೇ ತಿಂದುಕೊಂಡೆ. ಅರವತ್ತು ದಿನ ಅವರು ತಿನ್ನುವುದನ್ನು ನೋಡುತ್ತಾ ನಿಂತಿದ್ದರು. ತಪ್ಪನ್ನು ತಮ್ಮ ಅಂಗಳದಿಂದ ಗುಡಿಸಿ ತನ್ನ ಮಡಿಲಿಗೆ ಸುರಿದರು. ತಾನು ಅದನ್ನು ಮುಚ್ಚಟೆಯಾಗಿ ಸಾಕಿದೆ.

ಮನೆಗೆ ಬಂದು ಟೋಪಿ ಹಾಕಿಕೊಂಡಿದ್ದ ಗಂಡನನ್ನು ಕೇಳಿದಳು. "ನಿಂಗೆ ಗೊತ್ತಿತ್ತಾ?"

ಮಾರಪ್ಪ ಟೋಪಿ ತೆಗೆದ. "ಕಾಡಲ್ಲಿ ಬ್ಯಾಂಡು ಎಲ್ಲಿಂದ ಬರತದೆ ಅಂದ್ಕಂಡೆ."

"ಕೂರಿಸು ಅಂದ್ರು, ಕೂರಿಸ್ದೆ."

"ಅಯ್ಯ ಹೇಳಿದ ಮೇಲೆ ನಾನೆಂತ ಮಾಡ್ಲಿ ಕಲ್ಲೂ? ಲೈನ್ ಮನೆ ಅವರದ್ದು."

"ನಾನು ಬಡಿದೆ ಅಂತ ಊರೆಲ್ಲ ಅನ್ನುವಾಗ್ಲೂ ನೀನು ಬಾಯಿ ಬಿಡ್ಲಿಲ್ಲ."

ಡಬ್ಬದ ಸದ್ದಿಗೆ ಕುದುರೆ ಕಾಲೆತ್ತುವ ಹಾಗೆ, ಜಗಲಿಯ ದನಿ ಕೇಳಿದರೆ ಮಾರಪ್ಪನ ತಲೆ ತಾನೇ ಆಡುತ್ತಿತ್ತು. ಅವನಪ್ಪನದೂ ಹಾಗೇ ಆಡಿತ್ತು.

ಅದಾಗಿ ಮೂರನೇ ದಿನ ಭಾನುವಾರ. ಸೋಮವಾರ ಶ್ವೇತಳ ಹುಟ್ಟುಹಬ್ಬ, ಶಿವಮೊಗ್ಗದಿಂದ ನೆಂಟರ ಮಕ್ಕಳು ಬರುವವರಿದ್ದರು, ಎಲ್ಲರಿಗೂ ಕುದುರೆ ಸವಾರಿ ಎಂದು ರಶ್ಮಿ ಫೋನಿನಲ್ಲಿ ಮಾತು ಕೊಟ್ಟಾಗಿತ್ತು. ಕುಣಿತಕ್ಕೆ ಷಡಕ್ಷರಿಯವರು ತಾವೇ ಒಂದು ಉಪಾಯ ಕಂಡುಹಿಡಿದಿದ್ದರು. ಕುದುರೆಯ ಎರಡೂ ಕಿವಿಗೆ ಹತ್ತಿ! ದಿಂಬು ಹರಿದು ತೆಗೆದ ಹತ್ತಿಯನ್ನು ಉಂಡೆ ಮಾಡಿ ತುರುಕಿದ್ದರು. ಬೆಳಿಗ್ಗೆ ಅಕ್ಕಿ ಮೂಟೆ ಹೊರಿಸಿ ತಟ್ಟೆ ಬಡಿದು ನೋಡಿದರು. ಕುದುರೆ ನಿಂತೇ ಇತ್ತು.

"ಮೂಟೆ ಬೇರೆ, ಮಗು ಬೇರೆ ಕಣ್ರೀ," ಅಂದರು ರಶ್ಮಿ. "ಮೂಟೆ ಅಲ್ಲಾಡಲ್ಲ."

ತೋಟದಲ್ಲಿದ್ದ ಕಲ್ಲಮ್ಮನಿಗೆ ಕರೆ ಬಂತು. ಡಬ್ಬ ತಗೊಂಡು ಬಾ ಎಂದು. ಡಬ್ಬ, ಗೂಟ ಅಲ್ಲೇ ಬೇಲಿಯ ಮೂಲೆಯಲ್ಲಿ ಬಿದ್ದಿದ್ದವು. ಯಾಕೆಂದು ತಿಳಿಯದೆ ಎತ್ತಿಕೊಂಡು ಹೋದಳು. ಅಂಗಳಕ್ಕೆ ಕಾಲಿಟ್ಟರೆ, ಕುದುರೆಯ ಮೇಲೆ ಭವ್ಯ ಕೂತಿದ್ದಾಳೆ. ಎಡಗೈಯಲ್ಲಿ ಜೀನು ಹಿಡಿದಿದ್ದಾಳೆ, ಬಲಗೈ ಎದೆಗೆ ಅಂಟಿಕೊಂಡಿದೆ. ಈ ಸಲ ಮುಖದಲ್ಲಿ ಖುಷಿಯಿಲ್ಲ. ಹಗ್ಗ ಮಾರಪ್ಪನ ಕೈಯಲ್ಲಿ. ಜಗಲಿಯ ಮೇಲೆ ಶಶಿಕಿರಣ್, ಶ್ವೇತ ಬಿಸ್ಕತ್ತು ತಿನ್ನುತ್ತಾ ನೋಡುತ್ತಿದ್ದಾರೆ.

"ಬಾರೇ ಕಲ್ಲೀ," ಅಂದರು ಷಡಕ್ಷರಿ, ನಗುತ್ತಲೇ. "ಅವತ್ತು ಯಾರೂ ಹೇಳದೆ ಬಡಿದ್ಯಲ್ಲ, ಇವತ್ತು ನಾನು ಹೇಳ್ತೀನಿ, ಬಡಿ. ಜೋರಾಗಿ ಬಡಿ. ಹತ್ತಿ ಹಾಕಿದೀನಿ, ಏನೂ ಆಗಲ್ಲ."

ಕಲ್ಲಮ್ಮ ಮಗಳನ್ನು ನೋಡಿದಳು. ಗಂಡನನ್ನು ನೋಡಿದಳು. ಅವನು ತನ್ನ ಕಾಲಿನ ಹೆಬ್ಬೆರಳನ್ನು ನೋಡುತ್ತಿದ್ದ.

"ಏನೂ ಆಗಲ್ವಾ ಅಯ್ಯಾ?"

"ಆಗಲ್ಲ ಅಂದ್ನಲ್ಲ."

"ಹಂಗಾದ್ರೆ ನಿಮ್ಮ ಶಶಿ ಅಪ್ಪೀನ ಕೂರಿಸಿ."

ರಶ್ಮಿಯ ಕೈ ಮಗನ ಹೆಗಲ ಮೇಲೆ ತಾನಾಗಿಯೇ ಹೋಗಿ ಕೂತಿತು. ಆ ಕೈಯನ್ನು ಕಲ್ಲಮ್ಮ ನೋಡಿದಳು. ಕೈ ಸುಳ್ಳು ಹೇಳುವುದಿಲ್ಲ.

"ನಾಲಿಗೆ ಉದ್ದ ಆಯ್ತು ನಿಂದು," ಅಂದರು ಷಡಕ್ಷರಿ. ನಗು ಹೋಗಿತ್ತು.

"ನಂದು ನಾಲಿಗೆ ಉದ್ದ ಆಯ್ತು, ನನ್ನ ಮಗಳ ಕೈ ಗಿಡ್ಡ ಆಯ್ತು. ಕೊಪ್ಪದಲ್ಲಿ ವಾಸಪ್ಪ ಸಿಕ್ಕಿದ್ದ ಅಯ್ಯಾ. ಯಾರನ್ನಾದ್ರೂ ಕೂರಿಸಿ ನೋಡಿದ್ರಾಯ್ತು ಅಂದ್ರಂತೆ. ಯಾರಾದ್ರೂ ಅಂದ್ರೆ ಯಾರು? ನಿಮ್ಮನೇಲಿ ಎರಡು ಮಕ್ಕಳಿದಾವೆ. ಅವು ಯಾರಾದ್ರೂ ಅಲ್ವಾ? ಕಂದು ಕುದುರೆ ಬೆನ್ನಲ್ಲಿ ಕೆಟ್ಟ ಸುಳಿ ನೋಡಿದ್ರಿ. ಈ ಕುದುರೆ ಕುಣಿತದೆ ಅಂತ ಕಿವಿಯಾರೆ ಕೇಳಿದ್ರಿ. ಹತ್ತಿ ಇದ್ದಿದ್ದು ಕುದುರೆ ಕಿವೀಲಿ ಅಲ್ಲ."

"ಮಾರಪ್ಪಾ, ನಿನ್ನ ಹೆಂಡ್ತಿಗೆ ಹೇಳು. ಬಡಿಯದೆ ಇದ್ರೆ ಸಂಜೆ ಒಳಗೆ ಲೈನ್ ಮನೆ ಖಾಲಿ ಆಗ್ಬೇಕು."

ಮಾರಪ್ಪನ ತಲೆ ಆಡತೊಡಗಿತು. ಅರ್ಧಕ್ಕೆ ನಿಂತಿತು. ಟೋಪಿ ಕಣ್ಣಿನ ತನಕ ಜಾರಿತು.

"ಖಾಲಿ ಮಾಡ್ತೀವಿ," ಅಂದಳು ಕಲ್ಲಮ್ಮ. ಕೂಗಿ ಕೂಗಿ ಒಡೆದ ಗಂಟಲಲ್ಲಿ ಆ ಮಾತು ಅಂಗಳದ ಕೊನೆಯವರೆಗೂ ಕೇಳಿತು. "ಎರಡು ಚಾಪೆ, ನಾಲ್ಕು ಪಾತ್ರೆ. ಸಂಜೆ ಗಂಟ ಯಾಕೆ? ಭವ್ಯಾ, ಇಳಿ."

"ಇಳೀಬೇಡ ಕೂಸೇ!" ಅಂದರು ಷಡಕ್ಷರಿ. ಮೆಟ್ಟಿಲಿಳಿದು ಬಂದು ಕಲ್ಲಮ್ಮನ ಮುಂದೆ ಕೈ ಚಾಚಿದರು. "ಕೊಡು ಇಲ್ಲಿ ಡಬ್ಬ. ನಾನೇ ಬಡೀತೀನಿ."

ಕಲ್ಲಮ್ಮ ಗೂಟವನ್ನು ದೂರಕ್ಕೆ ಎಸೆದಳು. ಡಬ್ಬವನ್ನು ಎರಡೂ ತೋಳಿನಿಂದ ತಬ್ಬಿ, ಒಂದು ಉಗುರು ತಾಗಿಯೂ ಸದ್ದಾಗದ ಹಾಗೆ ಹೊಟ್ಟೆಗೆ ಒತ್ತಿಕೊಂಡಳು. ಅವರ ಬೆನ್ನ ಹಿಂದೆ ಭವ್ಯ ಹೊಟ್ಟೆಯ ಮೇಲೆ ಮಗುಚಿ, ಒಂದೇ ಕೈಯಲ್ಲಿ ಜೀನಿಗೆ ಜೋತುಬಿದ್ದು, ಯಾರೂ ಎತ್ತಿಕೊಳ್ಳದೆಯೇ ನೆಲಕ್ಕೆ ಜಾರಿದಳು. ಕುದುರೆ ಮಿಸುಕಲಿಲ್ಲ.

"ಕೊಡೇ!"

"ಕೊಡಲ್ಲ," ಅಂದಳು ಕಲ್ಲಮ್ಮ.