ಟಿಕಳಿ ಬೀಳದ ಜಾಗ

"ಅಲ್ಲಿ ಯಾವಾಕಿರ ಬಾಯಿ ತೆಗೆದ್ರ ನಾಲಿಗಿ ಕಿತ್ತು ಕೈಯಾಗ ಕೊಡ್ತೀನಿ, ರಂಡೇರಾ. ತಿಳೀತಿಲ್ಲೋ?"

ಟೆಂಪೋದ ಹಿಂಬಾಗಿಲನ್ನು ಧಡಾರನೆ ಹಾಕಿ ಮುಕಾದಮ ಕಾಡಪ್ಪ ಹೇಳಿದ. ಒಳಗೆ ಈರುಳ್ಳಿ ಸಿಪ್ಪೆಯ ನಡುವೆ ಹೆಂಗಸರು ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತಿದ್ದರು.

"ಬಿಸಿಲು ಎಲ್ಲಿ ಭಾಳ ಅಂತ ಕೇಳ್ತಾರ. ಬಸ್ ಸ್ಟ್ಯಾಂಡ್ ಅನ್ನಬೇಕು. ಶಾಲಿ ಮೈದಾನ ಅನ್ನಬೇಕು. ನಮ್ಮ ಶೆಡ್ಡಿನ ಹೆಸರು ಯಾರ ಬಾಯಾಗರ ಬಂತಂದ್ರ, ಸಂಜೀಕ ಆಕಿ ಗಂಟುಮೂಟಿ ಖೋಲಿ ಹೊರಗ."

ಅವನು ಹೇಳಿದ್ದು ಎಲ್ಲರಿಗೆ. ನೋಡಿದ್ದು ಮೂಲೆಯಲ್ಲಿದ್ದ ಭೀಮವ್ವನನ್ನು. ಅವಳು ತಲೆ ತಗ್ಗಿಸಿ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

ಕಾಡಪ್ಪ ಅವರ ಕಡೆಯವನೇ. ಇಂಡಿ ತಾಲೂಕಿನಿಂದ ಇವರನ್ನೆಲ್ಲ ಕರೆತಂದು, ಇಂದಾಪುರದಾಚೆ ಹೆದ್ದಾರಿ ಮಗ್ಗುಲಿನ ಈ ಊರಲ್ಲಿ ಬಾಳು ಸೇಠನ ಈರುಳ್ಳಿ ಶೆಡ್ಡಿಗೆ ಹಚ್ಚಿದವನು. ಶೆಡ್ಡೂ ಸೇಠನದು, ಅದರ ಹಿಂದಿನ ತಗಡಿನ ಖೋಲಿಗಳೂ ಸೇಠನವು. ಗಂಡಸರು ಚೀಲ ಹೊರುತ್ತಾರೆ, ಹೆಂಗಸರು ಈರುಳ್ಳಿ ಆರಿಸುತ್ತಾರೆ. ಇವತ್ತು ಗಂಡಸರನ್ನು ಬಿಡುವಂತಿರಲಿಲ್ಲ. ಸಂಜೆಯೊಳಗೆ ಪುಣೆಯ ಮಾರ್ಕೆಟ್ ಯಾರ್ಡಿಗೆ ಲಾರಿ ತುಂಬಬೇಕು. ಊರಿನ ಬಿಸಿಲಿನ ಬಗ್ಗೆ ತಾವು ಕರೆದ ಸಭೆಯಲ್ಲಿ ಬಡ ಹೆಂಗಸರು ಕಾಣಬೇಕು ಎಂದು ಪುಣೆಯ ಸಂಸ್ಥೆಯವರು ಕೇಳಿದ್ದರಂತೆ. ಸೇಠ ಕಳಿಸಿಕೊಟ್ಟ.

ಟೆಂಪೋ ಹೊರಟಿತು. ಹಿಂದೆ ಕಾಡಪ್ಪನ ಬೈಕು.

ಸಭೆ ಇದ್ದದ್ದು ಮಂಗಲ ಕಾರ್ಯಾಲಯದಲ್ಲಿ. ಹೊಸ್ತಿಲಿಗೆ ಬಂದು ಶಿವಬಸವ್ವ ನಿಂತುಬಿಟ್ಟಳು. ಗೂನು ಬೆನ್ನು, ಬೋಳು ಹಣೆ, ಬೋಳು ಕೈ. ಗಂಡ ಸತ್ತು ಭೀಮವ್ವನ ವಯಸ್ಸಿನಷ್ಟು ವರ್ಷವಾಗಿತ್ತು. ಮಗನೂ ಹಿಂದಿನ ಬೇಸಿಗೆಯಲ್ಲಿ ಶೆಡ್ಡಿನಲ್ಲೇ ಹೋದ.

"ಮದಿವಿ ಮಾಡೋ ಜಾಗ ಇದು. ನಮ್ಮಂಥಾವ್ರು ಒಳಗ ಬರಬಾರ್ದು. ಭೀಮಿ, ನೀನೂ ಇಲ್ಲೇ ನಿಂದ್ರ."

"ಇವತ್ತೇನ್ ಯಾರದೂ ಮದಿವಿ ಇಲ್ಲ, ನಡೀ ಮುದಿಕಿ," ಕಾಡಪ್ಪ ಹಿಂದಿನಿಂದ ನೂಕಿದ. "ನಿನಗ್ಯಾರೂ ತಾಳಿ ಕಟ್ಟಾಂಗಿಲ್ಲ, ಅಂಜಬ್ಯಾಡ."

ಒಳಗೆ ಮುಂದಿನ ಸಾಲಿನಲ್ಲಿ ಅಂಗಡಿಯವರು, ಮಾಸ್ತರರು, ಬಾಳು ಸೇಠ, ಅವನ ಪಕ್ಕದಲ್ಲಿ ಹಸಿರು ಬಳೆ ತುಂಬ ಹಾಕಿಕೊಂಡ ಅವನ ಹೆಂಡತಿ. ಮದುಮಕ್ಕಳ ಕೆಂಪು ಕುರ್ಚಿಗಳನ್ನು ಬದಿಗೆ ಸರಿಸಿ ವೇದಿಕೆಯ ಗೋಡೆಗೆ ಊರಿನ ದೊಡ್ಡ ನಕ್ಷೆ ತೂಗುಹಾಕಿದ್ದರು. ಅದರ ಪಕ್ಕದಲ್ಲಿ ಪುಣೆಯ ಹುಡುಗಿ ಸಾಯಲಿ ಮೈಕು ಹಿಡಿದು ನಿಂತಿದ್ದಳು. ಮರಾಠಿಯಲ್ಲಿ, ನಗುನಗುತ್ತ, ನಿಧಾನವಾಗಿ ಹೇಳಿದಳು. ಹವೆ ಬದಲಾಗುತ್ತಿದೆ. ಪುಣೆಯಲ್ಲಿ ಕೂತು ಸಣ್ಣ ಊರಿನ ಯೋಜನೆ ಬರೆಯುವ ಕಾಲ ಮುಗಿಯಿತು, ನಿಮ್ಮೂರಿನದನ್ನು ನೀವೇ ಬರೆಯಬೇಕು. ಬಿಸಿಲು ಎಲ್ಲಿ ತಡೆಯಲಾಗದೋ ಅಲ್ಲಿ ಕೆಂಪು ಚುಕ್ಕೆ ಅಂಟಿಸಿ. ಕೆಂಪು ಬಿದ್ದ ಜಾಗಕ್ಕೆ ನೆರಳು ಬರುತ್ತದೆ, ನೀರು ಬರುತ್ತದೆ, ಬೇಸಿಗೆಯ ಮಧ್ಯಾಹ್ನ ಅಲ್ಲಿ ಕೆಲಸ ಬಂದ್ ಆಗುತ್ತದೆ. ಇದು ಹೆದ್ದಾರಿ, ಇದು ಶಾಲೆ, ಇದು ಕಾಲುವೆ, ಕಾಲುವೆಯ ಆಚೆ ಈರುಳ್ಳಿ ಶೆಡ್ಡು ಎಂದು ಕೋಲಿನಿಂದ ಮುಟ್ಟಿ ಮುಟ್ಟಿ ತೋರಿಸಿದಳು.

ಮಧ್ಯಾಹ್ನ ಕೆಲಸ ಬಂದ್. ಭೀಮವ್ವನಿಗೆ ಅಷ್ಟು ಮರಾಠಿ ಬರುತ್ತಿತ್ತು.

ಅಂಗಡಿಯವರು ತಮ್ಮ ತಮ್ಮ ಅಂಗಡಿಯ ಮುಂದೆ ಚುಕ್ಕೆ ಅಂಟಿಸಿದರು. ಮಾಸ್ತರರು ಶಾಲೆಯನ್ನೇ ಕೆಂಪು ಮಾಡಿದರು. ಹಿಂದಿನ ಸಾಲಿನ ಪಾಳಿ ಬರುವಷ್ಟರಲ್ಲಿ ಚುಕ್ಕೆ ತೀರಿಹೋದವು. ಸಾಯಲಿ ಪೆಚ್ಚಾಗಿ ನಿಂತಳು.

"ನಾ ತರ್ತೀನಿ ಮ್ಯಾಡಮ್," ಎಂದು ಕಾಡಪ್ಪ ಮರಾಠಿಯಲ್ಲಿ ಹೇಳಿ ಹೊರಗೆ ಹೋದ. ಬಂದಾಗ ಕೈಯಲ್ಲಿ ಬಳೆ ಅಂಗಡಿಯ ಟಿಕಳಿ ಪಾಕೀಟುಗಳಿದ್ದವು. ಹೆಂಗಸರು ಹಣೆಗೆ ಅಂಟಿಸಿಕೊಳ್ಳುವ ಕೆಂಪು ಟಿಕಳಿ.

"ಎಷ್ಟು ಚೆಂದ!" ಎಂದು ಸಾಯಲಿ ಚಪ್ಪಾಳೆ ತಟ್ಟಿದಳು. ಕಾಡಪ್ಪ ಭೀಮವ್ವನ ಕಡೆ ತಿರುಗಿ ಸಣ್ಣಗೆ ನಕ್ಕ.

ಗಂಡ ಇದ್ದವರು ಟಿಕಳಿ ಇಸಿದುಕೊಂಡರು. ಒಬ್ಬಳು ಮೊದಲು ತನ್ನ ಹಣೆಗೇ ಒಂದು ಹಚ್ಚಿಕೊಂಡು ಉಳಿದವರನ್ನು ನಗಿಸಿದಳು. ಸಾಲಾಗಿ ಹೋಗಿ, ಹೇಳಿಕೊಟ್ಟಂತೆ ಬಸ್ ಸ್ಟ್ಯಾಂಡಿನ ಮೇಲೆ ಅಂಟಿಸಿ ಬಂದರು. ಸಾಯಲಿ ಶಿವಬಸವ್ವನ ಮುಂದೆ ಪಾಕೀಟು ಹಿಡಿದಳು. ಮುದುಕಿ ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿದಳು. ಭೀಮವ್ವನ ಕೈಗಳೂ ತಾವಾಗಿಯೇ ಒಳಗೆ ಹೋದವು. ಬೋಳು ಹಣೆಯವರೆಲ್ಲ ನೆಲ ನೋಡಿದರು.

"ಇವರು ಯಾಕೆ ತಗೊಳ್ಳುತ್ತಿಲ್ಲ?"

"ಇವರಿಗೆ ಬಿಸಿಲಿನ ತ್ರಾಸೇ ಇಲ್ಲ ಮ್ಯಾಡಮ್. ನೆರಳಾಗ ಕುಂತು ಮಾಡೋ ಕೆಲಸ," ಎಂದ ಕಾಡಪ್ಪ.

ಸಾಯಲಿ ನಕ್ಷೆಯತ್ತ ಹೋದಳು. ಕಾಲುವೆಯ ಆಚೆ ಒಂದೂ ಚುಕ್ಕೆ ಇರಲಿಲ್ಲ. "ಈ ಕಡೆ ಪೂರ್ತಿ ಬಿಳಿ. ತಂಪಾಗಿದೆ, ಒಳ್ಳೆಯದು," ಎಂದು ಬರೆದುಕೊಂಡಳು. ಬಾಳು ಸೇಠ ಕೂತಲ್ಲೇ ತಲೆದೂಗಿದ. "ಎತ್ತರದ ಶೆಡ್ಡು. ಗಾಳಿ ಆಡ್ತದೆ."

"ಆಯಿ, ಅಕಿ ಏನ್ ಬರಕೊಂಡ್ಳು?" ಭೀಮವ್ವ ಶಿವಬಸವ್ವನ ಕಿವಿಯಲ್ಲಿ ಪಿಸುಗುಟ್ಟಿದಳು.

"ನಮ್ಮ ಶೆಡ್ಡು ತಂಪದ ಅಂತ."

"ತಂಪ?"

"ಸುಮ್ಮ ಕುಂದ್ರ. ಹೋದಾವ್ರು ಹೋದ್ರು. ಖೋಲಿ ಉಳಿಸ್ಕೋ."

ಹೋದ ವರ್ಷ ಇದೇ ಬಿಸಿಲಲ್ಲಿ, ಶಿವಬಸವ್ವನ ಮಗನ ಹಾಗೆ, ಭೀಮವ್ವನ ಗಂಡ ಮಾಂತುವೂ ಚೀಲದ ಸಮೇತ ಬಿದ್ದ. ಮೇಲೆ ತಗಡು, ಸುತ್ತ ತಗಡು. ಅವಳು ಸೆರಗನ್ನು ಬಕೀಟಿನಲ್ಲಿ ಅದ್ದಿ ಅವನ ಎದೆಯ ಮೇಲೆ ಹಾಸಿದಳು. ಸೆರಗು ಅಲ್ಲೇ ಒಣಗಿತು. ಮತ್ತೆ ಅದ್ದಿದಳು. ದವಾಖಾನೆಯಲ್ಲಿ ಕಾಡಪ್ಪ ಡಾಕ್ಟರಿಗೆ ಹೇಳಿದ, ಕುಡಿದಿದ್ದ ಅಂತ. ಮಾಂತು ಹೆಂಡ ಮುಟ್ಟಿದವನಲ್ಲ. ಆಗ ಭೀಮವ್ವನಿಗೆ ಬಾಯಿ ಬರಲಿಲ್ಲ. ಖೋಲಿ ಉಳಿಯಿತು.

ಅವಳು ಎದ್ದು ನಿಂತದ್ದು ಅವಳಿಗೇ ಗೊತ್ತಾಗಲಿಲ್ಲ.

"ಏ ಭೀಮಿ, ಎಲ್ಲಿಗಿ?"

"ಟಿಕಳಿ ಬೇಕ್ರಿ, ಮುಕಾದಮರ."

ಕಾಡಪ್ಪ ಜೋರಾಗಿ ನಕ್ಕ. "ಯಾರ ಸಲುವಾಗಿ ಹಚ್ಚಾಕಿ? ಹೊಸಾ ಗಂಡನ್ನ ನೋಡೀ ಏನು?" ಮುಂದಿನ ಸಾಲಿಗೆ ಅದನ್ನು ಮರಾಠಿಯಲ್ಲೂ ಹೇಳಿದ. ಅಲ್ಲೂ ನಗೆ ಎದ್ದಿತು. ಅವಳು ಕೂರಲಿಲ್ಲ. ಅವನ ದನಿ ಗಡಸಾಯಿತು. "ನೋಡ್ರಿ, ಗಂಡ ಸತ್ತ ರಂಡಿ ಮುಟ್ಟಿದ ಟಿಕಳಿ ಯಾರ ಮುಟ್ತಾರ, ಅವರ ಮನಿ ಕುಂಕುಮ ಅಳೀತದ. ಮನೀ ಗಂಡಸ ಉಳಿಯಂಗಿಲ್ಲ. ಆಮ್ಯಾಲ ನನಗ ಅನಬ್ಯಾಡ್ರಿ." ಅದನ್ನೂ ಮರಾಠಿಯಲ್ಲಿ ಹೇಳಿದ. ಸೇಠನ ಹೆಂಡತಿ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಮುತ್ತೈದೆಯರು ದಾರಿ ಬಿಟ್ಟು ಸರಿದರು.

ಸರಿದದ್ದರಿಂದ ದಾರಿಯಾಯಿತು.

ಸಾಯಲಿ ಗೊಂದಲದಿಂದ ನೋಡುತ್ತ ಪಾಕೀಟು ಹಿಡಿದುಕೊಂಡೇ ನಿಂತಿದ್ದಳು. ಭೀಮವ್ವ ಅದನ್ನು ಇಸಿದುಕೊಂಡು ವೇದಿಕೆ ಹತ್ತಿದಳು. ಹೆಸರು ಓದಲು ಬರುತ್ತಿರಲಿಲ್ಲ. ನೀಲಿ ಗೆರೆ ಕಾಲುವೆ, ಅದನ್ನು ದಾಟಿದಳು. ಉಗುರಿನಿಂದ ಒಂದು ಟಿಕಳಿ ಬಿಡಿಸಿದಳು. ಬೆರಳು ಅದನ್ನು ಮರೆತಿರಲಿಲ್ಲ. ಶೆಡ್ಡಿನ ಮೇಲೆ ಇಟ್ಟು ಒತ್ತಿದಳು. ಪಕ್ಕದಲ್ಲಿ ಇನ್ನೊಂದು. ಅದರ ಪಕ್ಕದಲ್ಲಿ ಮತ್ತೊಂದು.

"ನನ್ನ ಗಂಡ ಇಲ್ಲಿ ಸತ್ತಾನ," ಎಂದಳು. "ಕುಡದಿದ್ದಿಲ್ಲ."

ಸಾಯಲಿಗೆ ಕನ್ನಡ ಬರುತ್ತಿರಲಿಲ್ಲ. ಸೇಠನಿಗೆ ಭಾಷೆ ಬೇಕಾಗಲಿಲ್ಲ.

"ಕಾಡ್ಯಾ, ತೆಗಿ ಅದನ್ನ," ಎಂದ ಮರಾಠಿಯಲ್ಲಿ.

ಕಾಡಪ್ಪ ಎರಡೇ ಹೆಜ್ಜೆಗೆ ವೇದಿಕೆಗೆ ಹಾರಿದ. ಭೀಮವ್ವ ಕಣ್ಣು ಮುಚ್ಚಿ ಏಟಿಗೆ ಕಾದಳು. ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ, ಅವನ ಕೈ ನಕ್ಷೆಯಿಂದ ಗೇಣು ದೂರದಲ್ಲಿ ನಿಂತಿತ್ತು. ಬೆರಳು ಮುಂದೆ ಹೋಗಿ ಮಡಚಿಕೊಂಡವು. ಮತ್ತೆ ಹೋದವು, ಮತ್ತೆ ಮಡಚಿದವು. ಮೇಲ್ತುಟಿಯ ಮೇಲೆ ಬೆವರು ಮೂಡಿತ್ತು.

"ತೆಗಿಯೋ ಭಾಡ್ಯಾ!"

"ಸೇಠ, ಅದು... ಅಕಿ ಮುಟ್ಟ್ಯಾಳ."

ಬಾಳು ಸೇಠ ತಾನೇ ಎದ್ದ. ಹೆಂಡತಿ ಅವನ ಅಂಗಿಯ ತೋಳನ್ನು ಗಪ್ಪನೆ ಹಿಡಿದಳು. ಬಳೆ ಸದ್ದಾದವು. ಅವನು ಒಮ್ಮೆ ನಕ್ಷೆ ನೋಡಿದ, ಒಮ್ಮೆ ಅವಳ ಮುಖ ನೋಡಿದ. ಕೂತ.

ಕೂತು, ಮೆತ್ತಗೆ ಸಾಯಲಿಗೆ ಹೇಳಿದ: "ನಕ್ಷೆ ಇಲ್ಲೇ ಇರಲಿ ಮ್ಯಾಡಮ್. ಜನ ಇನ್ನೂ ನೋಡಲಿ. ನಾಳೆ ನಾನೇ ಕಳಿಸ್ತೀನಿ."

ಸಾಯಲಿ ನಕ್ಷೆ ನೋಡಿದಳು, ಗಡಿಯಾರ ನೋಡಿದಳು. ಪುಣೆಯ ಬಸ್ಸಿಗೆ ಹೊತ್ತಾಗಿತ್ತು. "ಪರವಾಗಿಲ್ಲ," ಎಂದಳು.

ಹೊರಗೆ ಹೆಂಗಸರು ಟೆಂಪೋ ಹತ್ತಿದರು. ಭೀಮವ್ವ ಕಾಲಿಡುವಷ್ಟರಲ್ಲಿ ಕಾಡಪ್ಪ ಬಾಗಿಲು ಹಾಕಿದ. "ಆಕಿ ನಡಕೊಂತ ಬರ್ಲಿ." ಅವಳ ಮುಖ ನೋಡದೆ ಹೇಳಿದ.

ಟೆಂಪೋ ಗುರುಗುಟ್ಟಿತು. ಬಾಗಿಲಿನ ಮೇಲಿಂದ ಒಂದು ಬೋಳು ಕೈ ಹೊರಗೆ ಬಂತು. ಶಿವಬಸವ್ವ ಬೇರೆ ಕಡೆ ಮುಖ ಮಾಡಿ ಕೂತಿದ್ದಳು.

"ಒಂದು ಇತ್ತಾಗ ಕೊಡ," ಎಂದಳು.

ಭೀಮವ್ವ ಕೈಯಲ್ಲೇ ಉಳಿದಿದ್ದ ಪಾಕೀಟಿನಿಂದ ಒಂದು ಟಿಕಳಿ ಕಿತ್ತು ಆ ಅಂಗೈಗೆ ಹಚ್ಚಿದಳು. ಮುಷ್ಟಿ ಮುಚ್ಚಿತು. ಟೆಂಪೋ ಹೋಯಿತು.

ಅವಳು ನಡೆದಳು. ಟಾರು ಮೆತ್ತಗಾಗಿ ಚಪ್ಪಲಿ ಹಿಡಿಯುತ್ತಿತ್ತು. ಹಿಂದೆ ಕಾಡಪ್ಪನ ಬೈಕು ಚಾಲೂ ಆಯಿತು. ಈಗ ದಾಟಿ ಹೋಗುತ್ತದೆ ಎಂದುಕೊಂಡಳು. ದಾಟಲಿಲ್ಲ. ಅವಳು ಜೋರಾಗಿ ನಡೆದರೆ ಅದೂ ಜೋರಾಯಿತು. ನಿಧಾನಿಸಿದರೆ ಅದೂ ನಿಧಾನಿಸಿತು. ಕಾಲುವೆಯ ಸೇತುವೆ ಬಂತು. ಆಚೆ ಮನುಷ್ಯರಿಲ್ಲದ ಹಾದಿ. ತಿರುಗಿ ನೋಡಬಾರದು, ನೋಡಬಾರದು ಎಂದುಕೊಳ್ಳುತ್ತ ನಡೆದಳು. ಬೆನ್ನೆಲ್ಲ ಕಿವಿಯಾಗಿತ್ತು.

ದೂರದಲ್ಲಿ ಶೆಡ್ಡಿನ ತಗಡು ಬಿಸಿಲಿಗೆ ಕುದಿಯುವ ನೀರಿನಂತೆ ಅಲುಗುತ್ತಿತ್ತು. ಹತ್ತಿರ ಹೋದಾಗ ದೊಡ್ಡ ಬಾಗಿಲು ಕಂಡಿತು. ಬಾಗಿಲ ಮೇಲೆ, ಗೂನು ಬೆನ್ನಿನ ಮುದುಕಿಯ ಕೈಗೆ ಎಟಕುವಷ್ಟು ಎತ್ತರದಲ್ಲಿ, ಒಂದು ಕೆಂಪು ಟಿಕಳಿ ಇತ್ತು. ಒಳಗಿನ ಗಂಡಸರು ಚೀಲ ಹೊತ್ತುಕೊಂಡೇ ಅದನ್ನು ನೋಡುತ್ತ ನಿಂತಿದ್ದರು; ಬಾಗಿಲು ದಾಟಿ ಲಾರಿಯತ್ತ ಒಬ್ಬನೂ ಬಂದಿರಲಿಲ್ಲ.

ಭೀಮವ್ವನ ಹಿಂದೆ ಬೈಕು ನಿಂತಿತು. ಇಂಜಿನು ನಿಂತಿರಲಿಲ್ಲ.