ಗುಡಿಸಿದ ಮಡು

ಮಾರ್ಗರೀಟಾಬಾಯಿಗೆ ಕಸ ಕಂಡರೆ ಮೈಯೆಲ್ಲ ಉರಿ. ಹಳಿಯಾಳದ ಕಾಡಂಚಿನ ಸಿದ್ದಿ ವಾಡಾದಲ್ಲಿ ಅವಳ ಅಂಗಳದಲ್ಲಿ ಅನ್ನ ಸುರುವಿಕೊಂಡು ಉಣ್ಣಬಹುದು ಅಂತ ಮಂದಿ ಆಡಿಕೊಳ್ಳುತ್ತಿದ್ದರು. ಆದರೆ ಆ ಸೋಮವಾರ ಹಳ್ಳದ ದಂಡೆಯಲ್ಲಿ ಅದೇ ಶಿಸ್ತು ಅವಳ ಕೊರಳಿಗೆ ಸುತ್ತಿಕೊಂಡಿತು ನೋಡ್ರಿ!

ದ್ರಾಕ್ಷಾಯಣಿ ಹಳಿಯಾಳ ಪೇಟೆಯ ಅಂಗಡಿಕಾರರ ಮಗಳು. ಪಿಎಚ್‌ಡಿ ಅಂತ ಎರಡು ವರ್ಷದಿಂದ ಈ ಹಳ್ಳದ ಬೆನ್ನು ಹತ್ತಿದ್ದಳು. ಸೋಮವಾರಕ್ಕೊಮ್ಮೆ ಬಂದು ಮೇಲಿನ ಮಡುವಿನಲ್ಲೊಂದು, ಕೆಳಗಿನ ಮಡುವಿನಲ್ಲೊಂದು ಬಕೆಟ್ ಬೋರಲು ತೇಲಿಬಿಟ್ಟು, ಒಳಗಿನ ಗಾಳಿಯನ್ನು ನಳಿಗೆಯಿಂದ ಮೀಟರಿಗೆ ಎಳೆದು ಅಂಕಿ ಬರೆದುಕೊಳ್ಳುವಳು. ಬಕೆಟ್ ಹಿಡಿಯುವ ಕೆಲಸ ಮಾರ್ಗರೀಟಾಬಾಯಿಯದು.

“ಕಾಡು ಗಾಳಿಯೊಳಗಿನ ಇಂಗಾಲ ಹೀರಿ ಎಲಿ ಮಾಡ್ತೈತಿ, ಬಾಯಿ,” ಅಂತ ದ್ರಾಕ್ಷಾಯಣಿ ಮೊದಲ ದಿನವೇ ಹೇಳಿದ್ದಳು. “ಎಲಿ ಹಳ್ಳಕ್ಕ ಬೀಳ್ತೈತಿ. ನೀರಾಗಿನ ಜೀವ ಅದನ್ನ ತಿಂದು ಉಸಿರು ಬಿಡ್ತಾವು. ಇಂಗಾಲ ತಿರುಗಿ ಗಾಳಿಗೆ. ಆ ಉಸಿರು ನಾ ಅಳೀಬೇಕು.”

“ಅಂದ್ರ ಕಾಡು ಅಡಗಿ ಮಾಡ್ತೈತಿ, ಹಳ್ಳ ಉಣ್ತೈತಿ!” ಅಂದಿದ್ದಳು ಮಾರ್ಗರೀಟಾಬಾಯಿ.

ಮೇಲಿನ ಮಡು ಹೊಟ್ಟೆ ತುಂಬ ಉಸಿರಾಡುತ್ತಿತ್ತು. ಕೆಳಗಿನದು? ಸತ್ತವರ ಹಾಗೆ ತೆಪ್ಪಗೆ. ಅದೇ ನೀರು, ದಂಡೆಗೆ ಅದೇ ಮತ್ತಿ ಮರಗಳು. ಅಲ್ಲಿ ತಳದಲ್ಲಿ ಎಲೆ ಕಾಣದ್ದಕ್ಕೆ, ಬೇಗ ಕೊಳೆತು ಕರಗುತ್ತವೆ ಅಂತ ದ್ರಾಕ್ಷಾಯಣಿ ತಿಳಿದಿದ್ದಳು. ಹಾಗಿದ್ದರೆ ಉಸಿರು ಹೆಚ್ಚೇ ಬರಬೇಕಲ್ಲ! ಅವಳ ಗೈಡ್ ಮಹಾಬಳೇಶ್ವರ ಸರ್ ಆ ಬೆಳಿಗ್ಗೆ ಫೋನ್ ಮಾಡಿ, ಮುಂದಿನ ವಾರದ ಶನಿವಾರ ನಾನೇ ಬರುತ್ತೇನೆ, ಕೆಳಗಿನ ಮಡು ಹೀಗೇ ಇದ್ದರೆ ಹಳ್ಳದ ಉಸಿರು ಎಲೆಯಿಂದ ಅನ್ನುವ ವಾದ ಬಿಟ್ಟು ಬೇರೆ ವಿಷಯ ಹಿಡಿ ಅಂದಿದ್ದರು.

“ಹೊಳಿಯಾಗ ಹುಣಸಿಹಣ್ಣು ತೊಳದಂಗಾತು, ಬಾಯಿ. ಎರಡು ವರ್ಷ!” ಅನ್ನುತ್ತ ದ್ರಾಕ್ಷಾಯಣಿ ಕಲ್ಲಿನ ಮೇಲೆ ಕುಸಿದಳು.

ಎಲೆ ಎಲ್ಲಿ ಹೋಗುತ್ತವೆ ಅಂತ ಮಾರ್ಗರೀಟಾಬಾಯಿಗೆ ಗೊತ್ತಿತ್ತು. ಬಾಯಿಬಿಟ್ಟರೆ ಈ ಹುಡುಗಿ ಮತ್ತೆ ತನ್ನ ಮುಖ ನೋಡಲಿಕ್ಕಿಲ್ಲ. ಬಿಡದಿದ್ದರೆ ಇವಳ ಓದು ಮಣ್ಣುಪಾಲು. ಸೆರಗಿನ ತುದಿಯನ್ನು ಹಿಂಡಿ ಹಿಪ್ಪೆ ಮಾಡಿ, ಕೊನೆಗೆ ಅಂದೇಬಿಟ್ಟಳು:

“ಅಕ್ಕಾರ, ಆ ಎಲಿ ನಾನ ತಗೀತೇನ್ರಿ. ರವಿವಾರ ಇಗರ್ಜಿಯಿಂದ ಬಂದು ಬುಟ್ಟಿಲೆ ಬಳದು ಗೊಬ್ಬರದ ಗುಂಡಿಗೆ ಹಾಕ್ತೇನಿ. ಮರುದಿನಾ ನೀವು ಬರ್ತೀರಿ. ಬರೂ ಮಂದೀಗೆ ಹೊಲಸು ನೀರು ತೋರಸೂದೇನ್ರಿ?”

ದ್ರಾಕ್ಷಾಯಣಿಯ ಮುಖ ಕೆಂಪೇರಿತು. “ಎರಡು ವರ್ಷ?”

“ಒಂದು ವಾರಾನೂ ತಪ್ಪಿಸಿಲ್ಲರಿ!” ಹೆಮ್ಮೆ ತಡೆಯದೆ ಬಾಯಿಗೆ ಬಂದುಬಿಟ್ಟಿತು. ಕೂಡಲೇ ನಾಲಿಗೆ ಕಚ್ಚಿಕೊಂಡಳು.

“ಮ್ಯಾಲಿನ ಮಡು?”

“ಅದು ಕರಡಿ ಅಂಗಳ. ಕರಡೀನೇ ಗುಡಸ್ಕೊಳ್ಳಲಿ!”

ದ್ರಾಕ್ಷಾಯಣಿ ಕೂಗಿದ ಕೂಗಿಗೆ ಮಿಂಚುಳ್ಳಿಯೊಂದು ಬೆದರಿ ಹಾರಿತು. “ನನ್ನ ತಾಯೀ! ಒಂದಕ್ಕ ಎಲಿ ಐತಿ, ಒಂದಕ್ಕ ಇಲ್ಲ. ವಾರಾ ತಪ್ಪದ ಎರಡು ವರ್ಷ! ಇಂಥಾ ಪರೀಕ್ಷಾ ನನ್ನ ತಲೀಗೆ ಹೊಳೀಲೇ ಇಲ್ಲಲ್ಲ!” ಅಂತ ಅವಳನ್ನು ಬಾಚಿ ತಬ್ಬಿದಳು. “ಆದ್ರ ಸರ್ ಬಾಯಿಮಾತು ನಂಬೂದಿಲ್ಲ. ಎಲಿ ತಿರುಗಿ ಹಾಕೂಣು. ಹಳ್ಳ ಉಸಿರಾಡಿದ್ರ ನಾ ಗೆದ್ದೆ.”

ಮಾರ್ಗರೀಟಾಬಾಯಿ ಅಂದೇ ದಂಡೆಯ ತರಗೆಲೆಯನ್ನು ಬುಟ್ಟಿಗಟ್ಟಲೆ ಮಡುವಿಗೆ ಸುರಿದಳು. ವಾಡಾದ ಹೆಂಗಸರು ಬಿದ್ದು ಬಿದ್ದು ನಕ್ಕರು. ಅವರೆಷ್ಟು ನಕ್ಕರೂ ಅವಳಿಗೆ ಸಿಟ್ಟು ಬರಲಿಲ್ಲ. ಕಷ್ಟವಾದದ್ದು ನಡುವಿನ ರವಿವಾರ. ನೀರು ಚಹಾದ ಬಣ್ಣಕ್ಕೆ ತಿರುಗಿತ್ತು, ಎಲೆ ಲೋಳೆಗಟ್ಟಿದ್ದವು, ಅವಳ ಕೈ ತುರಿಸುತ್ತಿದ್ದವು. ಗಂಡ ಜೇವಿಯರ್ ಬುಟ್ಟಿಯನ್ನು ಅಟ್ಟದ ಮೇಲೆ ಬಚ್ಚಿಟ್ಟ.

ಶನಿವಾರ ಮಹಾಬಳೇಶ್ವರ ಸರ್ ಬಂದರು. ಮಾರ್ಗರೀಟಾಬಾಯಿ ಕೆಳಗಿನ ಮಡುವಿನಲ್ಲಿ ಬಕೆಟ್ ತೇಲಿಬಿಟ್ಟಳು. ಮೀಟರು ಹೊರಗಿನ ಗಾಳಿಯ ಅಂಕಿ ನಾನೂರಾ ಇಪ್ಪತ್ತರಿಂದ ಶುರುವಾಯಿತು. ನಾನೂರಾ ನಲವತ್ತು. ನಾನೂರಾ ಐವತ್ತು. ಇದನ್ನು ಆ ಮಡು ಒಮ್ಮೆಯೂ ದಾಟಿರಲಿಲ್ಲ. ಅಂಕಿ ಅಲ್ಲೇ ನಿಂತಿತು. ದ್ರಾಕ್ಷಾಯಣಿ ಕಣ್ಣು ಮುಚ್ಚಿದಳು.

“ಉಸಿರು ಬಿಡಲೇ, ನಿನ್ನ!” ಅಂತ ಮಾರ್ಗರೀಟಾಬಾಯಿ ಹಳ್ಳಕ್ಕೇ ಬೈದಳು.

ನಾನೂರಾ ಅರವತ್ತು! ಐದುನೂರು! ಆರುನೂರಾ ಮೂವತ್ತು! ದಂಡೆಯ ಮೇಲೆ ಹೆಂಗಸರು ಚಪ್ಪಾಳೆ ಹೊಡೆದರು, ದ್ರಾಕ್ಷಾಯಣಿ ಅಳುತ್ತ ನಗುತ್ತ ನೀರಿಗೇ ಇಳಿದಳು. ಎಂಟುನೂರು ದಾಟಿದಾಗ ಸರ್ ಬೂಟು ತೊಯ್ದದ್ದೂ ತಿಳಿಯದೆ ಮೀಟರಿಗೆ ಬಗ್ಗಿ ನಿಂತಿದ್ದರು.

“ಭೇಷ್! ನಿನ್ನ ವಾದ ಖರೇ ಅಂತ ಕಾಣ್ತೈತಿ ದ್ರಾಕ್ಷಾಯಣಿ, ಬಿಡಬ್ಯಾಡ,” ಅಂದರು. ಆಮೇಲೆ ಮಾರ್ಗರೀಟಾಬಾಯಿಯ ಕಡೆ ತಿರುಗಿದರು. “ಇನ್ನೊಂದು ಕೆಲಸ ಉಳದೈತಿ. ನೀವು ಮತ್ತ ಗುಡಸ್ಬೇಕು. ಉಸಿರು ನಿಂತ್ರ ಯಾರೂ ಎದುರಾಡಾಂಗಿಲ್ಲ.”

ಎರಡು ವರ್ಷ ಅವಳು ಕಾದಿದ್ದು ಇಂಥ ಮಾತಿಗೇ ಅಲ್ಲವೇ, ಗುಡಿಸಿದ್ದಕ್ಕೆ ಶಾಭಾಸ್ ಅನ್ನುವ ಒಬ್ಬರಿಗೆ? ಆದರೂ ಈಗ ಅವಳಿಗೆ ಹೂಂ ಅನ್ನಲಾಗಲಿಲ್ಲ. ಕಾಲಿಗೆ ಅಂಟಿದ್ದ ಎಲೆಯೊಂದನ್ನು ಬಿಡಿಸಿ ಮಡುವಿಗೇ ಹಾಕಿದಳು.

“ಮೂರು ವಾರ ಗುಡಸ್ತೇನ್ರಿ, ಅಕ್ಕಾರ ಸಲುವಾಗಿ,” ಅಂದಳು. “ಅದಕಿಂತ ಒಂದು ದಿನಾ ಹೆಚ್ಚಿಗೆ ಆಗೂದಿಲ್ಲ. ಉಣ್ಣಾವ್ರ ಮುಂದಿನ ತಾಟು ಎಷ್ಟಂತ ಕಸ್ಕೊಳ್ಳೂದ್ರಿ?”