ಲ್ಯಾಬಿನವಳ ಮೂಗು

ನನಗೆ ಮೂಗಿನ ತುದಿಯಲ್ಲೇ ಕೋಪ ಅನ್ನುತ್ತಾರೆ. ಅನ್ನಲಿ. ಆ ಮೂಗಿನಿಂದಲೇ ಹದಿನಾಲ್ಕು ವರ್ಷ ಅನ್ನ ತಿಂದವಳು ನಾನು. ಡೈರಿಗೆ ಬರುವ ಒಂದೊಂದು ಹಾಲಿನ ಕ್ಯಾನನ್ನೂ ಮುಚ್ಚಳ ತೆಗೆದು ಮೂಸಿ, ಇದು ಒಳಗೆ, ಇದು ವಾಪಸ್ ಎಂದು ಹೇಳುವುದು ನನ್ನ ಕೆಲಸ. ನಮ್ಮನೆಯವರು ಒಂದು ಸಣ್ಣ ಬಿಯರ್ ಕಾರ್ಖಾನೆಯಲ್ಲಿ ಬ್ರೂವರ್. ಕುದಿಸುವುದು, ಹುದುಗಿಸುವುದು, ಹದ ನೋಡುವುದು ಎಲ್ಲ ಅವರದೇ.

ಆರು ತಿಂಗಳಿಂದ ನಮ್ಮ ಊಟದ ಟೇಬಲ್ಲಿಗೆ ಇನ್ನೊಬ್ಬಳು ಬಂದು ಕೂತಿದ್ದಳು, ಮಾತಿನಲ್ಲಿ. ಅವರ ಕಾರ್ಖಾನೆಯ ಲ್ಯಾಬಿನವಳು ಹೀಗಂದಳು, ಲ್ಯಾಬಿನವಳು ಹಾಗಂದಳು. ನನ್ನ ಅಡುಗೆಗೆ ಮಾತ್ರ ಒಂದೇ ಮಾತು: "ಚೆನ್ನಾಗಿದೆ." ಒಂದು ಭಾನುವಾರ ಹಾಲು ತಳ ಹಿಡಿದು ಮನೆಯೆಲ್ಲ ಸೀದ ವಾಸನೆ. ಒಲೆಯ ಪಕ್ಕದಲ್ಲೇ ಪೇಪರ್ ಓದುತ್ತಿದ್ದ ಪುಣ್ಯಾತ್ಮ ತಲೆ ಎತ್ತಲಿಲ್ಲ. ಮನಸ್ಸು ಇಲ್ಲಿದ್ದರೆ ತಾನೆ! ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಅವತ್ತೇ.

ಕಾರ್ಖಾನೆಯವರು ಗಿರಾಕಿಗಳನ್ನೂ ಕೆಲಸದವರ ಮನೆಮಂದಿಯನ್ನೂ ಕರೆದು ಹೊಸ ಬಿಯರುಗಳ ರುಚಿ ತೋರಿಸುವ ಮಧ್ಯಾಹ್ನ ಬಂತು. ಹೋಗದೆ ಬಿಡುತ್ತೇನೆಯೇ? ಅಕ್ಕ ಕೊಟ್ಟಿದ್ದ ಸೆಂಟನ್ನು ಕಿವಿಯ ಹಿಂದೆ, ಕುತ್ತಿಗೆಗೆ, ಮಣಿಕಟ್ಟಿಗೆ ಬಳಿದುಕೊಂಡೆ. ಅವಳ ಮುಂದೆ ಸಪ್ಪಗೆ ನಿಲ್ಲಬಾರದಲ್ಲ. "ಹೇಗಿದೆ?" ಎಂದು ಅವರ ಮೈಗೆ ತಾಗುವಷ್ಟು ಹತ್ತಿರ ನಿಂತೆ. "ಚೆನ್ನಾಗಿದೆ" ಎಂದರು, ಶೂ ಕಟ್ಟುತ್ತಾ.

ಕಾರ್ಖಾನೆಯ ಬಾಗಿಲಲ್ಲಿ "ದಯವಿಟ್ಟು ಸೆಂಟು ಹಚ್ಚಿಕೊಂಡು ಬರಬೇಡಿ" ಎಂಬ ಬೋರ್ಡಿತ್ತು. ಹಚ್ಚಿಕೊಂಡಾಗಿದೆಯಲ್ಲ, ಈಗೇನು ಮೈ ಕೆರೆದುಕೊಳ್ಳಲೇ ಎಂದುಕೊಂಡು ಒಳಗೆ ನಡೆದೆ. ಸ್ಟೀಲ್ ಟ್ಯಾಂಕುಗಳ ನಡುವೆ ಉದ್ದನೆಯ ಟೇಬಲ್ಲು. ಆ ಕಡೆ ನಮ್ಮನೆಯವರು ವಿವರಿಸಲು ನಿಂತಿದ್ದರು. ಅವರ ಎದುರಿಗೆ ಲ್ಯಾಬಿನವಳು. ನಾನು ಇವರ ಹೆಂಡತಿ ಎಂದು ಹೇಳಿ, ಬೇಕೆಂತಲೇ ಅವಳ ಪಕ್ಕದಲ್ಲಿ ಒತ್ತರಿಸಿ ಕೂತೆ. ಅವಳು ಎರಡು ಸಲ ಸೀನಿದಳು. ಒಳ್ಳೆಯದೇ ಆಯಿತು ಎನಿಸಿತು.

ಇವರು ಗ್ಲಾಸು ಎತ್ತಿ, ಕಣ್ಣು ಮುಚ್ಚಿ ಮೂಸಿ, ಮತ್ತೆ ಅವಳನ್ನೇ ನೋಡಿದರು. ಅವಳ ಕೈಯಿಂದ ಮಡಿಸಿದ ಚೀಟಿಯೊಂದು ಟೇಬಲ್ಲಿನ ಮೇಲೆ ಜಾರಿತು. ಅದರ ಮೇಲೆ ಕಣ್ಣು ಹಾಯಿಸಿ, "ಕಿತ್ತಳೆ ಸಿಪ್ಪೆ ಬರ್ತಿದೆಯಲ್ವಾ? ಹಿಂದೇನೇ ಸುಟ್ಟ ಬ್ರೆಡ್ಡು" ಎಂದರು. ಜನ ಆಹಾ ಎಂದರು. ಎಲಾ ಇವಳ! ಎಲ್ಲರ ಕಣ್ಣೆದುರಿಗೇ ಪತ್ರ ವ್ಯವಹಾರ! ಮುಂದಿನ ಚೀಟಿ ಹೊರಟಾಗ ಕೈ ಹಾಕಿ ಕಿತ್ತುಕೊಂಡೆ.

"ಮೂರು: ಜೇನು, ಹಸಿ ಹುಲ್ಲು."

"ಏನಮ್ಮ ಇದು?" ಎಂದೆ.

"ಮೆಲ್ಲಗೆ ಅಕ್ಕಾ," ಎಂದಳು. "ಆರು ತಿಂಗಳ ಹಿಂದೆ ಆ ಜ್ವರ ಬಂದಾಗಿನಿಂದ ಸಾರ್‌ಗೆ ವಾಸನೆ ಗೊತ್ತಾಗಲ್ವಲ್ಲ, ಅದಕ್ಕೆ ಬೆಳಿಗ್ಗೆನೇ ನಾನು ಮೂಸಿ ಬರೆದಿಟ್ಟಿದ್ದೆ. ಮಾಲೀಕರಿಗೆ ಗೊತ್ತಾದ್ರೆ ಕೆಲಸ ಹೋಗುತ್ತೆ. ನಿಮಗೆ ಹೇಳಿರ್ತಾರಲ್ಲ?"

"ಹೇಳಿದ್ದಾರೆ, ಹೇಳಿದ್ದಾರೆ" ಎಂದೆ. ಸುಳ್ಳು. ಅವಳು ಅವರ ಕೈ ಹಿಡಿದಿದ್ದರೂ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಆರು ತಿಂಗಳು! ನನಗೆ ಬರೀ "ಚೆನ್ನಾಗಿದೆ", ಅವಳಿಗೆ ನಿಜ.

ಅಷ್ಟರಲ್ಲಿ ಮಾಲೀಕರು ಎದ್ದು ನಿಂತು, ಎಲ್ಲರ ಮುಂದೂ ಐದೈದು ಹೊಸ ಗ್ಲಾಸು ಇಡಿಸಿದರು. "ಇದರಲ್ಲಿ ಒಂದು ಕೆಟ್ಟಿದೆ. ಯಾವುದು ಅಂತ ನನಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ನಮ್ಮ ಬ್ರೂವರ್ ಈಗ ಹಿಡೀತಾರೆ ನೋಡಿ!"

ಲ್ಯಾಬಿನವಳ ಮುಖ ಬಿಳಿಚಿತು. ಐದನ್ನೂ ಗಬಗಬ ಮೂಸಿದಳು. "ಅಕ್ಕಾ, ನಿಮ್ಮ ಸೆಂಟು ಬಿಟ್ಟು ಏನೂ ಬರ್ತಿಲ್ಲ" ಎಂದು ಪಿಸುಗುಟ್ಟಿದಳು. ಅವಳ ಕಣ್ಣಲ್ಲಿ ನೀರು.

ನನ್ನ ಸೆಂಟು ನನ್ನ ಮೂಗಿಗೆ ಆಗಲೇ ಹಳತಾಗಿತ್ತು. ಒಂದೊಂದನ್ನೇ ಎತ್ತಿ ನೋಡಿದೆ. ನಾಲ್ಕನೆಯದರಲ್ಲಿ ಬೆಣ್ಣೆಯ ವಾಸನೆ, ಅದೂ ಹಳಸಲು ಬೆಣ್ಣೆ. ಡೈರಿಯವಳಿಗೆ ಅದನ್ನು ಯಾರು ಹೇಳಿಕೊಡಬೇಕು?

ಸುಮ್ಮನಿದ್ದರೆ ಸಾಕಿತ್ತು, ಇಬ್ಬರ ಗುಟ್ಟೂ ಬೀದಿಗೆ ಬೀಳುತ್ತಿತ್ತು. ಅನುಭವಿಸಲಿ ಎಂದು ಸುಮ್ಮನೆ ಕೂತೂ ಇದ್ದೆ. ಅವರು ಎರಡನೆಯ ಗ್ಲಾಸಿನ ಕಡೆ ಕೈ ಚಾಚಿದರು. ಬೆರಳು ನಡುಗುತ್ತಿತ್ತು. ಆ ಕೈ ನಡುಗಿದ್ದನ್ನು ನಾನು ಹಿಂದೆ ನೋಡಿದ್ದು ಒಂದೇ ಸಲ, ಹುಟ್ಟಿದ ಮಗಳನ್ನು ಎತ್ತಿಕೊಂಡಾಗ. ಹಾಳಾಗಿ ಹೋಗಲಿ ಎಂದು ಟೇಬಲ್ಲಿನಡಿ ಕಾಲು ಚಾಚಿ ಅವರ ಶೂ ಮೇಲೆ ನಾಲ್ಕು ಸಲ ತುಳಿದೆ.

"ನಾಲ್ಕನೇದು" ಎಂದರು.

"ಭಲೇ! ಮೂಗು ಅಂದ್ರೆ ಇದು!" ಎಂದು ಮಾಲೀಕರು ಬೆನ್ನು ತಟ್ಟಿದರು. ಚಪ್ಪಾಳೆಯ ನಡುವೆ ನಮ್ಮನೆಯವರು ಎದೆಯ ಮೇಲೆ ಕೈಯಿಟ್ಟು ಕಣ್ಣಲ್ಲೇ ಥ್ಯಾಂಕ್ಸ್ ಹೇಳಿದರು. ಯಾರಿಗೆ? ಲ್ಯಾಬಿನವಳಿಗೆ!

ಬಸ್ ಸ್ಟಾಪಿನವರೆಗೆ ತುಟಿ ಬಿಗಿಹಿಡಿದಿದ್ದೆ. ಅಲ್ಲಿ ಆಗಲಿಲ್ಲ.

"ಕಾಲು ತುಳಿದಿದ್ದು ನಾನು."

ಅವರು ಬೆಂಚಿನ ಮೇಲೆ ಕುಸಿದು ಕೂತರು. "ನಿನಗೆ ಯಾವಾಗ ಗೊತ್ತಾಯ್ತು?"

"ನನಗೆ ಒಂದು ಗಂಟೆ ಆಯ್ತು. ಅವಳಿಗೆ ಆರು ತಿಂಗಳಾಯ್ತು."

"ನಿನಗೆ ಹೇಗೆ ಹೇಳ್ಲಿ? ತಟ್ಟೆ ಇಟ್ಟು ಮುಖ ನೋಡ್ತಾ ನಿಂತಿರ್ತೀಯ."

"ಬೆಣ್ಣೆ ಕೈಲಿಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ್ರಂತೆ! ಮನೇಲೇ ಇರೋ ಮೂಗು ಕಾಣಿಸ್ಲಿಲ್ವಾ?" ಎಂದೆ. "ಇವತ್ತು ಇಷ್ಟು ಸೆಂಟು ಬಳ್ಕೊಂಡಿದ್ದು ಯಾರಿಗೋಸ್ಕರ ಅಂದ್ಕೊಂಡ್ರಿ?"

"ಸೆಂಟು ಹಚ್ಚಿದ್ಯಾ?"

ಮಣಿಕಟ್ಟನ್ನು ಅವರ ಮೂಗಿಗೆ ಹಿಡಿದೆ. ಕಣ್ಣು ಮುಚ್ಚಿ ಉಸಿರು ಒಳಗೆಳೆದುಕೊಂಡರು, ಇನ್ನೊಮ್ಮೆ ಎಳೆದುಕೊಂಡರು. ಚೆನ್ನಾಗಿದೆ ಎನ್ನುತ್ತಾರೆಂದು ಕಾದೆ.

"ಏನೂ ಬರ್ತಿಲ್ಲ ಕಣೇ" ಎಂದರು.